ಒಪ್ಪಂದವಿಲ್ಲದ ನಿರ್ಗಮನ: ಸುಂಕಕ್ಕಿಂತ ದುಬಾರಿಯಾದ ಕಾಗದಪತ್ರ

ವ್ಯಾಪಾರ ಒಕ್ಕೂಟದಿಂದ ಒಪ್ಪಂದವಿಲ್ಲದೆ ಹೊರಬರುವ ಮಾತೆದ್ದಾಗ ರಫ್ತುದಾರರು ನನ್ನಂಥ ಕಸ್ಟಮ್ಸ್ ಸಲಹೆಗಾರರನ್ನು ಮೊದಲು ಕೇಳುವುದು ಸುಂಕ ಎಷ್ಟಾಗುತ್ತದೆ ಎಂದು. 2019ರಲ್ಲಿ ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹಾಗೆ ಹೊರಬೀಳುವ ಹಂತ ತಲುಪಿದ್ದಾಗಲೂ ಚರ್ಚೆ ಹೆಚ್ಚಾಗಿ ಸುಂಕದ ಸುತ್ತಲೇ ನಡೆಯಿತು. ಒಪ್ಪಂದವಿಲ್ಲದಿದ್ದರೆ, ವಿಶ್ವ ವ್ಯಾಪಾರ ಸಂಸ್ಥೆಯ ‘ಪರಮಾಪ್ತ ರಾಷ್ಟ್ರ’ ನಿಯಮದಂತೆ, ಒಕ್ಕೂಟವು ಹೊರದೇಶಗಳಿಗೆ ವಿಧಿಸುವ ಸಾಮಾನ್ಯ ಸುಂಕವೇ ಬ್ರಿಟನ್ನಿಗೂ ಅನ್ವಯಿಸುತ್ತಿತ್ತು. ಕಾರುಗಳ ಮೇಲೆ ಅದು ಶೇ 10. ಹೊರೆ ಸಣ್ಣದಲ್ಲ, ಆದರೆ ಅದನ್ನು ಮೊದಲೇ ಲೆಕ್ಕಹಾಕಿ ಬೆಲೆಯಲ್ಲಿ ಸೇರಿಸಬಹುದು.

ಹಾಗೆ ಲೆಕ್ಕಕ್ಕೆ ಸಿಗದಿರುವುದು ಕಾನೂನಿನ ಮಾನ್ಯತೆ. ಸದಸ್ಯ ದೇಶವಾಗಿದ್ದಷ್ಟು ಕಾಲ ಲಂಡನ್ನಿನ ಬ್ಯಾಂಕಿನ ಪರವಾನಗಿಯೂ ಬ್ರಿಟಿಷ್ ಸಂಸ್ಥೆಗಳು ಕೊಟ್ಟ ಗುಣಮಟ್ಟದ ಪ್ರಮಾಣಪತ್ರವೂ ಒಕ್ಕೂಟದಾದ್ಯಂತ ಸಲ್ಲುತ್ತಿದ್ದವು. ಒಪ್ಪಂದವಿಲ್ಲದೆ ಹೊರಬಂದರೆ, ಕಾರ್ಖಾನೆಯೂ ಸರಕೂ ನಿನ್ನೆಯಂತೆಯೇ ಇದ್ದರೂ, ಆ ಕಾಗದಗಳು ಒಂದೇ ರಾತ್ರಿಯಲ್ಲಿ ಬೆಲೆ ಕಳೆದುಕೊಳ್ಳುತ್ತವೆ. ಮಾಂಸ ಮತ್ತು ಹಾಲಿನ ಉತ್ಪನ್ನಗಳ ಸ್ಥಿತಿ ಇನ್ನೂ ಬಿಗಿ: ಒಕ್ಕೂಟವು ಅನುಮತಿಸಿದ ದೇಶಗಳ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸುಂಕ ಕಟ್ಟಲು ಸಿದ್ಧವಿದ್ದರೂ ಪ್ರವೇಶವಿಲ್ಲ. ಫ್ರಾನ್ಸ್‌ಗೆ ದಾಟುವ ಡೋವರ್ ಬಂದರಿನ ಮಾರ್ಗದಲ್ಲಿ ಲಾರಿಗಳು ಎರಡೂವರೆ ದಿನದವರೆಗೆ ಕಾಯಬೇಕಾಗಬಹುದೆಂದು ಒಪ್ಪಂದವಿಲ್ಲದ ನಿರ್ಗಮನಕ್ಕೆ ಸಿದ್ಧವಾಗಲು ಬ್ರಿಟಿಷ್ ಸರ್ಕಾರ ತಯಾರಿಸಿದ ‘ಯೆಲ್ಲೋಹ್ಯಾಮರ್’ ದಾಖಲೆ ಅಂದಾಜಿಸಿದ್ದು ಇಂಥ ತಪಾಸಣೆಗಳ ಕಾರಣದಿಂದಲೇ.

ರಾಜಕೀಯ ಪೆಟ್ಟು ಬೀಳುವುದೂ ಇದೇ ತಪಾಸಣೆಯ ಜಾಗದಲ್ಲಿ. ಒಕ್ಕೂಟದ ಸದಸ್ಯ ದೇಶವಾದ ಐರ್ಲೆಂಡ್ ಮತ್ತು ಬ್ರಿಟನ್ನಿನ ಆಳ್ವಿಕೆಯಲ್ಲಿರುವ ಉತ್ತರ ಐರ್ಲೆಂಡ್ ನಡುವಿನ ಸುಮಾರು 500 ಕಿಲೋಮೀಟರ್ ಗಡಿ ಮುಕ್ತವಾಗಿರುವುದು ಉತ್ತರ ಐರ್ಲೆಂಡಿನ ದೀರ್ಘ ಹಿಂಸಾಚಾರಕ್ಕೆ ತೆರೆ ಎಳೆದ 1998ರ ಗುಡ್ ಫ್ರೈಡೇ ಒಪ್ಪಂದದ ನಂತರದ ಶಾಂತಿಗೆ ಆಧಾರವಾಗಿತ್ತು. ಒಪ್ಪಂದವಾಗದಿದ್ದರೂ ತಾತ್ಕಾಲಿಕವಾಗಿ ಆ ಗಡಿಯಲ್ಲಿ ಹೊಸ ತಪಾಸಣೆ ಮಾಡುವುದಿಲ್ಲವೆಂದು ಬ್ರಿಟನ್ 2019ರ ಮಾರ್ಚ್‌ನಲ್ಲಿ ಪ್ರಕಟಿಸಿತು. ನನ್ನ ದೃಷ್ಟಿಯಲ್ಲಿ ಅದು ಅರ್ಧ ಉತ್ತರ, ಏಕೆಂದರೆ ಗಡಿಯ ಆಚೆ ಬದಿಯಲ್ಲಿ ತನ್ನ ಏಕ ಮಾರುಕಟ್ಟೆಯನ್ನು ಕಾಯಬೇಕಾದ ಒಕ್ಕೂಟಕ್ಕೆ ಅಂಥ ಉದಾರತೆ ಸಾಧ್ಯವಿರಲಿಲ್ಲ. ಆಗಿನ ಪ್ರಧಾನಿ ತೆರೇಸಾ ಮೇ ಅವರ ನಿರ್ಗಮನ ಒಪ್ಪಂದವನ್ನು ಸಂಸತ್ತು ಮೂರು ಬಾರಿ ತಿರಸ್ಕರಿಸಿದ್ದರ ಹಿಂದೆಯೂ ಮುಖ್ಯವಾಗಿ ಈ ಗಡಿಯ ಪ್ರಶ್ನೆಯಿತ್ತು.

ಕೊನೆಗೆ 2020ರ ಡಿಸೆಂಬರ್ 24ರಂದು ವ್ಯಾಪಾರ ಒಪ್ಪಂದ ಕುದುರಿ, ಮೂಲ ದೇಶದ ನಿಯಮ (ಸರಕು ನಿಜಕ್ಕೂ ಎಲ್ಲಿ ತಯಾರಾಯಿತೆಂದು ನಿರ್ಧರಿಸುವ ನಿಯಮ) ಪಾಲಿಸುವ ಸರಕುಗಳ ಸುಂಕ ಸೊನ್ನೆಯಲ್ಲೇ ಉಳಿಯಿತು. ಆದರೂ 2021ರ ಜನವರಿಯಿಂದ ಕಸ್ಟಮ್ಸ್ ಘೋಷಣೆ, ಪಶುವೈದ್ಯರ ಪ್ರಮಾಣಪತ್ರಗಳು ಬಂದವು. ಐರ್ಲೆಂಡ್ ಗಡಿಯನ್ನು ಮುಕ್ತವಾಗಿಡಲು ತಪಾಸಣೆಯನ್ನು ಬ್ರಿಟನ್ನಿನಿಂದ ಉತ್ತರ ಐರ್ಲೆಂಡಿಗೆ ಹೋಗುವ ಸರಕಿನ ಮೇಲೆ ಹೇರಲಾಗಿತ್ತು; ಅದನ್ನು ವಿರೋಧಿಸಿ, ಉತ್ತರ ಐರ್ಲೆಂಡ್ ಬ್ರಿಟನ್ ಜೊತೆಗೇ ಉಳಿಯಬೇಕೆನ್ನುವ ಡಿಯುಪಿ ಪಕ್ಷವು 2022ರ ಫೆಬ್ರುವರಿಯಲ್ಲಿ ಅಲ್ಲಿನ ಪಾಲುದಾರಿಕೆ ಸರ್ಕಾರದಿಂದ ಹೊರನಡೆಯಿತು. ಆ ಸರ್ಕಾರ ಮತ್ತೆ ರಚನೆಯಾಗಲು ಎರಡು ವರ್ಷ ಹಿಡಿಯಿತು.