ಮರಳಿ ಹೋದ ಲಕೋಟೆ

“ಅವನ ನೋಟಿಸನ್ನು ನಾನು ಕೈಯಿಂದ ಮುಟ್ಟಲಿಲ್ಲ ಸರ್, ಬಂದ ಹಾಗೆಯೇ ವಾಪಸ್ ಕಳಿಸಿದೆ.” ಗಂಗಾವತಿಯ ನನ್ನ ಕಚೇರಿಯಲ್ಲಿ ಕುಳಿತು ಈ ಮಾತು ಹೇಳುವಾಗ ಕಕ್ಷಿದಾರರ ಮುಖದಲ್ಲಿ ಕುಸ್ತಿ ಗೆದ್ದವರ ಕಳೆ ಇರುತ್ತದೆ. ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಕನಿಕರ.

ನಮ್ಮದು ಭತ್ತದ ಸೀಮೆ. ಗೊಬ್ಬರ, ಔಷಧಿ ಉದ್ರಿಯಲ್ಲಿ ಬರುತ್ತವೆ, ಭದ್ರತೆಗೆಂದು ಚೆಕ್ ಹೋಗುತ್ತದೆ, ಕೊಯ್ಲಿನ ಹೊತ್ತಿಗೆ ಧಾರಣೆ ಬಿದ್ದರೆ ಆ ಚೆಕ್ ಬ್ಯಾಂಕಿನಿಂದ ಹಿಂದಕ್ಕೆ ಬರುತ್ತದೆ. ಅದು ಬೇಸಾಯದ ಕಷ್ಟ, ಅದಕ್ಕೆ ಯಾರನ್ನೂ ಹಳಿಯಲಾರೆ. ಚೆಕ್ ಅಮಾನ್ಯವಾದ ಮಾಹಿತಿ ಸಿಕ್ಕ 30 ದಿನಗಳೊಳಗೆ ಸಾಲ ಕೊಟ್ಟವರು ನೋಟಿಸ್ ಕೊಡಬೇಕು. ಅದು ಮುಟ್ಟಿದ 15 ದಿನಗಳೊಳಗೆ ಚೆಕ್ಕಿನ ಹಣ ಸಂದಾಯ ಮಾಡಿದರೆ ಅಪರಾಧವೇ ಆಗುವುದಿಲ್ಲ. ಕಾನೂನು ಕೊಟ್ಟ ಆ 15 ದಿನಗಳನ್ನೇ ನಮ್ಮವರು ಅಂಚೆಯಣ್ಣನ ಚೀಲಕ್ಕೆ ವಾಪಸ್ ಹಾಕಿಬಿಡುತ್ತಾರೆ.

ಎಷ್ಟು ಸಲ ಹೇಳಿದರೂ ತಲೆಗೆ ಹತ್ತದ ವಿಷಯ ಇದು, ಮತ್ತೊಮ್ಮೆ ಹೇಳುತ್ತೇನೆ. ಸರಿಯಾದ ವಿಳಾಸಕ್ಕೆ ಬಂದ ನೋಟಿಸನ್ನು ನೀವು ಬೇಡವೆಂದರೆ ಅಂಚೆಯವನು ಲಕೋಟೆಯ ಮೇಲೆ ‘ತೆಗೆದುಕೊಳ್ಳಲು ನಿರಾಕರಿಸಿದ್ದಾರೆ’ ಎಂದು ಷರಾ ಬರೆದು ದಿನಾಂಕ ಹಾಕುತ್ತಾನೆ. ಆ ಷರಾ ಬಿದ್ದರೆ, ನೋಟಿಸ್ ನಿಮಗೆ ಮುಟ್ಟಿತು ಎಂದೇ ನ್ಯಾಯಾಲಯ ಭಾವಿಸುತ್ತದೆ. ಮುಟ್ಟಲಿಲ್ಲ ಎಂದು ನೀವು ಬೀಗುತ್ತಿರುವ ದಿನವೇ ಅದು ಮುಟ್ಟಿದ ದಿನ. ಅಂದಿನಿಂದಲೇ ಗಡುವು ಓಡತೊಡಗುತ್ತದೆ. ಇನ್ನೊಂದು ಮಾತು: ತೆಗೆದುಕೊಂಡರೆ ಸಾಲ ಒಪ್ಪಿಕೊಂಡಂತಲ್ಲ. ನಿಮ್ಮ ಸಹಿ ಕಾಗದ ಕೈಸೇರಿದ್ದಕ್ಕೆ ಮಾತ್ರ, ಅದರೊಳಗೆ ಬರೆದದ್ದಕ್ಕೆ ಅಲ್ಲ. ವಿಳಾಸ ತಪ್ಪಿದ್ದರೆ, ಷರಾ ಸುಳ್ಳಾಗಿದ್ದರೆ ಮಾತು ಬೇರೆ. ಆದರೆ ಅದನ್ನು ತೋರಿಸಿಕೊಡುವ ಹೊರೆ ನಿಮ್ಮದು. ನಿಮ್ಮ ಪ್ರಕರಣದ ಸಂಗತಿ ಏನಿದೆಯೋ, ಕಾಗದ ನೋಡದೆ ನಾನು ಹೇಳಲಾರೆ.

ಹೊಲದ ಬದುವಿನ ತಂಟೆಗೆ ಬಂದವರು ದುರ್ಯೋಧನನ ಸೂಜಿಮೊನೆಯ ಮಾತನ್ನು ನನಗೇ ಹೇಳಿ ನಗುತ್ತಾರೆ. ನನಗೆ ನೆನಪಾಗುವವನು ವಾಲಿ. ಅವನು ನಮ್ಮವನೇ. ಇಲ್ಲೇ ಆನೆಗೊಂದಿಯ ಸುತ್ತಲಿನ ಬಂಡೆಗುಡ್ಡಗಳನ್ನೇ ಕಿಷ್ಕಿಂಧೆ ಎನ್ನುತ್ತೇವೆ. ಒಮ್ಮೆ ಏಟು ತಿಂದು ಓಡಿಹೋದ ಸುಗ್ರೀವ ಮತ್ತೆ ಬಾಗಿಲಲ್ಲಿ ನಿಂತು ಕೂಗಿದಾಗ ತಾರೆ ಗಂಡನನ್ನು ತಡೆದಳು. ಈಗಷ್ಟೇ ಸೋತವನು ಇಷ್ಟು ಧೈರ್ಯದಿಂದ ಬಂದಿದ್ದಾನೆಂದರೆ ಬೆನ್ನಿಗೆ ಯಾರೋ ಇದ್ದಾರೆ ಎಂದಳು. ರಾಮನ ಸ್ನೇಹದ ಸುದ್ದಿ ಗೂಢಚಾರರಿಂದ ಅಂಗದನಿಗೆ, ಅಂಗದನಿಂದ ಅವಳಿಗೆ ಮುಟ್ಟಿತ್ತು. ತಮ್ಮನಿಗೆ ಯುವರಾಜ ಪಟ್ಟ ಕಟ್ಟಿ ಜಗಳ ಮುಗಿಸು ಎಂದೂ ಹೇಳಿದಳು. ಇದಕ್ಕಿಂತ ಒಳ್ಳೆಯ ಸಲಹೆಯನ್ನು ನಾನು ಶುಲ್ಕ ತೆಗೆದುಕೊಂಡೂ ಕೊಟ್ಟಿಲ್ಲ. ವಾಲಿ ಏನೆಂದ? ವೈರಿಯ ಆರ್ಭಟವನ್ನು ಸಹಿಸಿ ಕೂರುವುದು ಸಾವಿಗಿಂತ ಕಡೆ. ಅವನನ್ನು ಕೊಲ್ಲುವುದಿಲ್ಲ, ಸೊಕ್ಕು ಮುರಿದು ಬರುತ್ತೇನೆ ಎಂದ. ಹೋದವನು ಬಾಣ ತಿಂದ. ಅವನು ಸುಗ್ರೀವನಿಗಿಂತ ಬಲಶಾಲಿ ಎಂಬುದು ಕೊನೆಯವರೆಗೂ ನಿಜವಾಗಿಯೇ ಇತ್ತು ನೋಡಿ. ನನ್ನ ಕಕ್ಷಿದಾರರಲ್ಲಿಯೂ ಎಷ್ಟೋ ಜನರ ಕೈಯಲ್ಲಿ ಗೆಲ್ಲುವ ಕೇಸು ಇರುತ್ತದೆ.

ಕೆಲವು ವರ್ಷಗಳ ಹಿಂದೆ ಒಬ್ಬರು ಬಂದರು. ಹತ್ತೆಕರೆ ಗದ್ದೆ, ಊರಲ್ಲಿ ಮಾತು ನಡೆಯುವ ಮನುಷ್ಯ. ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕುಳಿತಿದ್ದಾಗ ಅಂಚೆಯಣ್ಣ ಬಂದಿದ್ದನಂತೆ. ಒಬ್ಬರೇ ಇದ್ದಿದ್ದರೆ ಬಹುಶಃ ತೆಗೆದುಕೊಳ್ಳುತ್ತಿದ್ದರು. ಆಮೇಲೆ ನ್ಯಾಯಾಲಯದ ಸಮನ್ಸಿಗೂ ಅದೇ ಗತಿ. ಸಮನ್ಸ್ ಮುಟ್ಟಿದ 15 ದಿನಗಳೊಳಗೆ ಹಣ ಕಟ್ಟಿ, ನೋಟಿಸ್ ಸಿಕ್ಕಿರಲಿಲ್ಲ ಎಂದು ಕೇಳಿಕೊಳ್ಳುವ ಒಂದು ದಾರಿಯನ್ನು ಸುಪ್ರೀಂ ಕೋರ್ಟ್ 2007ರ ತೀರ್ಪಿನಲ್ಲಿ ಇಟ್ಟಿದೆ. ಅದನ್ನೂ ಕಳೆದುಕೊಂಡು, ವಾರಂಟ್ ಹಿಡಿದು ಪೊಲೀಸರು ಮನೆಗೆ ಬಂದ ಮೇಲೆ ನನ್ನ ಬಳಿ ಬಂದರು.

ದೂರಿನ ಜೊತೆಗಿದ್ದ ನೋಟಿಸಿನ ಪ್ರತಿಯನ್ನು ಓದಿ ಹೇಳಿದೆ. ಕೊನೆಯ ಸಾಲುಗಳಿಗೆ ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು. ಗಡುವಿನೊಳಗೆ ಚೆಕ್ಕಿನ ಮೊತ್ತ ಕೊಟ್ಟರೆ ಬಡ್ಡಿ ಬಿಡುತ್ತೇನೆ ಎಂದು ಅಂಗಡಿಯವರು ಬರೆಸಿದ್ದರು.

“ಇದು ಆ ಲಕೋಟೆಯಲ್ಲೇ ಇತ್ತೇ ವಕೀಲರೇ?”

“ಅದರಲ್ಲೇ ಇತ್ತು ಗೌಡರೇ.”

ಹೆಗಲ ಮೇಲಿನ ಟವೆಲ್ ತೆಗೆದು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಒಂದು ವರ್ಷದ ನಂತರ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು, ಬಡ್ಡಿ ಸಮೇತ. ಪ್ರತಿ ತಾರೀಖಿಗೂ ಬಸ್ ಹತ್ತಿ ಬಂದು ಹೋದದ್ದು ಬೇರೆ.

ಈಚೆಗೆ ಅವರದೇ ಫೋನ್ ಬಂತು. ಅಂಚೆಯಣ್ಣ ಬಾಗಿಲಲ್ಲಿ ನಿಂತಿದ್ದಾನೆ, ಏನೋ ರಿಜಿಸ್ಟರ್ ಬಂದಿದೆ, ತೆಗೆದುಕೊಳ್ಳಲೇ ಎಂದು ಕೇಳಿದರು. ತೆಗೆದುಕೊಳ್ಳಿ, ಸಹಿ ಮಾಡಿ, ಒಡೆದ ಮೇಲೆ ಲಕೋಟೆಯನ್ನು ಎಸೆಯಬೇಡಿ ಎಂದೆ. ಅದರ ಮೇಲಿನ ಮುದ್ರೆಯ ದಿನಾಂಕ ನನಗೆ ಬೇಕು.