ಹಳೇ ಮರದ ಕಿಟಕಿ ಕಿತ್ತೇ ಹಾಕಬೇಕಾ?

ಪ್ರಶ್ನೆ: ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ತಾತ ಕಟ್ಟಿಸಿದ ಮನೆ ನಮ್ಮದು. ಮರದ ಕಿಟಕಿಗಳು ಸರಿಯಾಗಿ ಮುಚ್ಚುವುದಿಲ್ಲ. ಕೆಲವು ಕಡೆ ಕೆಳಗಿನ ಮರ ಮೆತ್ತಗಾಗಿದೆ. ಎಲ್ಲಾ ಕಿತ್ತು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ ಹಾಕಿಸಿ ಅಂತಾರೆ. ಅಷ್ಟು ದುಡ್ಡಿಲ್ಲ. ಏನು ಮಾಡಲಿ?

ಉತ್ತರ: ದಯವಿಟ್ಟು ಕೀಳಬೇಡಿ. ಚೌಕಟ್ಟು ಕಿತ್ತರೆ ಸುತ್ತಲಿನ ಗಾರೆ ಉದುರುತ್ತದೆ. ಆಮೇಲೆ ಪ್ಲಾಸ್ಟರಿಂಗ್, ಬಣ್ಣ ಅಂತ ಖರ್ಚು ಬೆಳೆಯುತ್ತಾ ಹೋಗುತ್ತದೆ. ಯುಪಿವಿಸಿಯಲ್ಲಿ ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿ ಹಾಕಿಸಿದರೆ, ಅದು ತೆರೆಯುವುದೂ ಅರ್ಧ ಮಾತ್ರ. ನಿಮ್ಮದು ಪೂರ್ತಿ ತೆರೆಯುತ್ತದೆ, ಅಲ್ವಾ?

ಮೊದಲು ಒಂದು ಪರೀಕ್ಷೆ ಮಾಡಿ. ಕಿಟಕಿ ಬಾಗಿಲನ್ನು ಅರ್ಧ ತೆರೆದು, ಚಿಲಕದ ಕಡೆಯ ತುದಿ ಹಿಡಿದು ಮೆಲ್ಲಗೆ ಮೇಲಕ್ಕೆತ್ತಿ. ಗಡಗಡ ಅಂತ ಅಲ್ಲಾಡಿದರೆ ಮರದ ತಪ್ಪಲ್ಲ, ಕೀಲಿನ ಸ್ಕ್ರೂ ಸಡಿಲವಾಗಿದೆ. ಬಾಗಿಲು ಜೋತು ಬಿದ್ದು ಕೆಳಗೆ ಉಜ್ಜುತ್ತಿದೆ. ಸ್ಕ್ರೂ ಬಿಚ್ಚಿ, ಬಿದಿರಿನ ಸಣ್ಣ ಕಡ್ಡಿಗಳನ್ನು ಫೆವಿಕಾಲ್‌ನಲ್ಲಿ ಅದ್ದಿ ತೂತಿಗೆ ಬಿಗಿಯಾಗಿ ತುಂಬಿ. ಒಂದು ರಾತ್ರಿ ಒಣಗಲಿ. ಬೆಳಗ್ಗೆ ಹೊರಗೆ ಉಳಿದ ತುದಿ ಕತ್ತರಿಸಿ, ಅದೇ ಜಾಗಕ್ಕೆ ಸ್ಕ್ರೂ ಹಾಕಿ. ಎಷ್ಟೋ ಕಿಟಕಿ ಇಷ್ಟಕ್ಕೇ ಸರಿಹೋಗುತ್ತವೆ.

ಅಲ್ಲಾಡದಿದ್ದರೂ ಮಳೆಗಾಲದಲ್ಲಿ ಮಾತ್ರ ಬಿಗಿಯಾದರೆ, ಮರ ತೇವ ಹೀರಿ ಉಬ್ಬಿದೆ ಅಂತ ಅರ್ಥ. ಆಗಲೇ ತೋಪಡ ಹೊಡೆಸಿ ಅಂಚು ಹೆರೆಸಬೇಡಿ. ಬೇಸಿಗೆಗೆ ಮರ ಕುಗ್ಗಿ, ಬೆರಳು ತೂರುವಷ್ಟು ಸಂದಾಗುತ್ತದೆ. ಮೈಸೂರಲ್ಲಿ ಮೇ ತಿಂಗಳಲ್ಲೂ ಜೋರು ಮಳೆ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲೂ ಜೋರು ಮಳೆ. ಹಾಗಾಗಿ ಈ ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಒಳ್ಳೆಯದು. ಹೆರೆದ ಅಂಚಿಗೆ ಅವತ್ತೇ ಪ್ರೈಮರ್ ಹಚ್ಚಿ. ಬರೀ ಮರ ಹಾಗೇ ಬಿಟ್ಟರೆ ಮತ್ತೆ ನೀರು ಕುಡಿಯುತ್ತದೆ.

ಮೆತ್ತಗಾದ ಜಾಗಕ್ಕೆ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ. ಸುಲಭವಾಗಿ ಇಳಿದರೆ ಅಲ್ಲಿ ಕೊಳೆತಿದೆ. ಸಾಮಾನ್ಯವಾಗಿ ನೀರು ನಿಲ್ಲುವ ಕೆಳಪಟ್ಟಿಯಷ್ಟೇ ಹಾಳಾಗಿರುತ್ತದೆ. ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಅದೇ ಜಾತಿಯ ಹಳೇ ಮರದ ತುಂಡು ಕೂರಿಸಲು ಆಚಾರ್ರಿಗೆ ಹೇಳಿ. ಕೆಡವಿದ ಮನೆಯ ತೇಗ, ಹೊನ್ನೆ ಸಿಕ್ಕರೆ ಬಿಡಬೇಡಿ, ಚೆನ್ನಾಗಿ ಒಣಗಿರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಹುಷಾರು. ಮನೆ ಬಣ್ಣದಲ್ಲಿ ವಿಷಕಾರಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ನಿಮ್ಮ ಕಿಟಕಿಯ ಹಳೇ ಪದರಗಳಲ್ಲಿ ಅದು ಜಾಸ್ತಿ ಇರಬಹುದು. ಒಣ ಉಪ್ಪುಕಾಗದ ಹಾಕಿ ಉಜ್ಜಬೇಡಿ. ನೀರು ಚಿಮುಕಿಸಿ ಹೆರೆಯಿರಿ, ಮಾಸ್ಕ್ ಹಾಕಿಕೊಳ್ಳಿ, ಕೆಳಗೆ ಪ್ಲಾಸ್ಟಿಕ್ ಹಾಸಿ. ಮಕ್ಕಳು, ಬಸುರಿಯರು ಆ ಕೋಣೆಗೆ ಬರುವುದು ಬೇಡ.

ಚೌಕಟ್ಟನ್ನೇ ಗೆದ್ದಲು ಒಳಗಿಂದ ತಿಂದಿದ್ದರೆ, ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಆ ಕಿಟಕಿ ಬದಲಿಸಲೇಬೇಕು. ಅದೊಂದನ್ನು ಮಾತ್ರ. ಮಿಕ್ಕವನ್ನು ತಿಂಗಳಿಗೊಂದರಂತೆ ಮಾಡಿಸಿ. ಮಳೆ ಎರಚಲು ಹೊಡೆಯುವ ಗೋಡೆಯಿಂದ ಶುರು ಮಾಡಿ.