ಕಸ್ತೂರಿರಂಗನ್ ಪಟ್ಟಿಯಲ್ಲಿ ನಮ್ಮೂರಿದೆ, ತೋಟ ಬಿಡಬೇಕಾ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿ. ಮೂರೂವರೆ ಎಕರೆ ಅಡಿಕೆ ತೋಟ, ಅಜ್ಜ ಕಟ್ಟಿಸಿದ ಮನೆ. ಕಸ್ತೂರಿರಂಗನ್ ಸಮಿತಿ ಗುರುತಿಸಿದ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಪಟ್ಟಿಯಲ್ಲಿ ನಮ್ಮೂರಿನ ಹೆಸರಿದೆ ಅಂತಾರೆ. ನಮ್ಮನ್ನು ಒಕ್ಕಲೆಬ್ಬಿಸ್ತಾರಾ? ಮನೆ ಮೇಲೆ ಮಾಳಿಗೆ ಹಾಕಿಸಬೇಕು ಅಂತಿದ್ವಿ, ಹಾಕಿಸಬಹುದಾ?

ಉತ್ತರ: ಒಕ್ಕಲೆಬ್ಬಿಸುವ ಮಾತು ಅದರಲ್ಲಿ ಇಲ್ಲ. ಮಾಳಿಗೆಯನ್ನೂ ಹಾಕಿಸಬಹುದು. ಈಗಿರುವ ಮನೆಗಳ ದುರಸ್ತಿ, ವಿಸ್ತರಣೆ, ನವೀಕರಣಕ್ಕೆ ಅಡ್ಡಿಯಿಲ್ಲ ಎಂದು ಆ ಸಮಿತಿಯ ವರದಿ ಆಧರಿಸಿದ ಕೇಂದ್ರದ ಕರಡು ಅಧಿಸೂಚನೆಯೇ ಹೇಳುತ್ತದೆ. ಅಡಿಕೆ, ಕಾಫಿ, ಭತ್ತ ಯಾವುದೂ ನಿಷೇಧದ ಪಟ್ಟಿಯಲ್ಲಿಲ್ಲ.

ಹಾಗಾದರೆ ನಿಷೇಧ ಯಾವುದಕ್ಕೆ? ಗಣಿಗಾರಿಕೆ, ಕಲ್ಲು ಕ್ವಾರಿ, ಮರಳು ತೆಗೆಯುವುದು ಬಂದ್. ಈಗ ನಡೆಯುತ್ತಿರುವ ಗಣಿಗಳು ಅಂತಿಮ ಅಧಿಸೂಚನೆ ಬಂದ ಐದು ವರ್ಷದೊಳಗೆ, ಅಥವಾ ಲೀಸ್ ಅದಕ್ಕೂ ಮೊದಲೇ ಮುಗಿದರೆ ಆಗಲೇ, ನಿಲ್ಲಬೇಕು. ಹೊಸ ಉಷ್ಣ ವಿದ್ಯುತ್ ಸ್ಥಾವರ ಬರುವಂತಿಲ್ಲ. ಡಿಸ್ಟಿಲರಿ, ಸಿಮೆಂಟ್ ಕಾರ್ಖಾನೆಯಂಥ 'ಕೆಂಪು' ವರ್ಗದ (ಅತಿ ಹೆಚ್ಚು ಮಾಲಿನ್ಯ ಮಾಡುವ) ಉದ್ಯಮ ಹೊಸದಾಗಿ ಬರುವಂತಿಲ್ಲ. 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಕ್ಕೂ ಇಲ್ಲ ಎನ್ನುತ್ತದೆ. ಅಂದರೆ ಸುಮಾರು 2.15 ಲಕ್ಷ ಚದರ ಅಡಿ. 1,200 ಚದರ ಅಡಿಯ ಮನೆಗಳನ್ನು ನೂರೆಪ್ಪತ್ತೊಂಬತ್ತು ಜೋಡಿಸಿದರೂ ಆ ಗೆರೆ ಮುಟ್ಟುವುದಿಲ್ಲ. ನಿಮ್ಮ ಮಾಳಿಗೆ ಎಲ್ಲಿ, ಅದೆಲ್ಲಿ!

ಈ ಕಥೆ ಶುರುವಾದದ್ದು 2010ರಲ್ಲಿ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಸಮಿತಿ ಮರುವರ್ಷ ಕೊಟ್ಟ ವರದಿ ಇಡೀ ಪಶ್ಚಿಮ ಘಟ್ಟವನ್ನೇ ಸೂಕ್ಷ್ಮ ಎಂದು ಹೇಳಿ, ಮೂರು ವಲಯ ಮಾಡಿತು. ಸರ್ಕಾರ ಆ ವರದಿಯನ್ನು ತಿಂಗಳುಗಟ್ಟಲೆ ಹೊರಗೇ ಬಿಡಲಿಲ್ಲ. ಮಾಹಿತಿ ಹಕ್ಕಿನಡಿ ಕೇಳಿ, ಜಗಳವಾಡಿದ ಮೇಲೆ 2012ರ ಮೇ ತಿಂಗಳಲ್ಲಿ ಜನರ ಕೈಗೆ ಸಿಕ್ಕಿತು. ಆಮೇಲೆ ಇಸ್ರೋದ ಮಾಜಿ ಅಧ್ಯಕ್ಷ ಕೆ. ಕಸ್ತೂರಿರಂಗನ್ ನೇತೃತ್ವದ ಇನ್ನೊಂದು ತಂಡ ಬಂದು, ಸೂಕ್ಷ್ಮ ಪ್ರದೇಶವನ್ನು ಘಟ್ಟದ ಶೇ 37ಕ್ಕೆ ಇಳಿಸಿತು. ಅದರಲ್ಲಿ ನಮ್ಮ ರಾಜ್ಯದ ಪಾಲು 10 ಜಿಲ್ಲೆಗಳ 20,668 ಚದರ ಕಿಲೋಮೀಟರ್, 1,576 ಹಳ್ಳಿ.

ಈ ಹಳ್ಳಿಗಳನ್ನು ಆರಿಸಿದ ರೀತಿಯಲ್ಲೇ ತಕರಾರಿನ ಬೇರಿದೆ. ಉಪಗ್ರಹ ಚಿತ್ರ ನೋಡಿ, ಹಳ್ಳಿಯ ಶೇ 20ರಷ್ಟು ಜಾಗ ಜೀವವೈವಿಧ್ಯವಿರುವ ಸಹಜ ಕಾಡಾಗಿದ್ದರೆ ಸಾಕು, ಇಡೀ ಹಳ್ಳಿ ಪಟ್ಟಿಗೆ ಸೇರಿತು. ಉಳಿದ 80 ಪಾಲು ಗದ್ದೆ, ತೋಟ, ಶಾಲೆ, ಸೊಸೈಟಿ ಕಟ್ಟಡ ಏನೇ ಇರಲಿ. ಮೇಲಿಂದ ನೋಡಿದರೆ ಅಡಿಕೆ ತೋಟವೂ ಹಸಿರೇ, ದಟ್ಟ ನೆರಳಿನ ಕಾಫಿ ತೋಟವಂತೂ ಕಾಡಿನಂತೆಯೇ ಕಾಣುತ್ತದೆ ಎಂಬ ರೈತರ ಮಾತನ್ನು ನಾನು ತಳ್ಳಿಹಾಕಲಾರೆ. ಸರ್ವೆಯವರು ನೆಲಕ್ಕಿಳಿದು ಹಳ್ಳಿ ಹಳ್ಳಿ ಸುತ್ತಿ ಗಡಿ ಹಾಕಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತಿತ್ತು.

2014ರ ಮಾರ್ಚ್‌ನಲ್ಲಿ ಮೊದಲ ಕರಡು ಬಂತು. ಪ್ರತಿ ಬಾರಿ ಆಕ್ಷೇಪಣೆಗೆ 60 ದಿನ. ಕರಡಿಗೂ ಆಯಸ್ಸು ಇರುವುದರಿಂದ ಅವಧಿ ಮುಗಿದಂತೆಲ್ಲ ಮತ್ತೆ ಹೊಸದು. ಆರನೆಯದರ ದಿನಾಂಕ 2024ರ ಜುಲೈ 31, ವಯನಾಡಿನ ಗುಡ್ಡ ಕುಸಿದ ಮರುದಿನ. ಆ ವರ್ಷದ ಸೆಪ್ಟೆಂಬರ್ 26ಕ್ಕೆ ಕರ್ನಾಟಕದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನೇ ತಿರಸ್ಕರಿಸಿತು. ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದು ಆಗಿನ್ನೂ ಎರಡೂವರೆ ತಿಂಗಳೂ ಆಗಿರಲಿಲ್ಲ.

ಅಧಿಸೂಚನೆ ಬಂದ ಊರು ಹೇಗಿರುತ್ತದೆ ಎಂದು ನೋಡಬೇಕಾದರೆ ಮಹಾರಾಷ್ಟ್ರಕ್ಕೆ ಹೋಗಿ. ಮಹಾಬಲೇಶ್ವರ-ಪಂಚಗನಿ 2001ರಲ್ಲೇ ಪರಿಸರ ಸೂಕ್ಷ್ಮ ಎಂದು ಘೋಷಣೆಯಾಗಿದೆ. ಅಲ್ಲಿ ಸ್ಟ್ರಾಬೆರಿ ಬೆಳೆಯುವುದು ನಿಂತಿಲ್ಲ. ಹೋಟೆಲುಗಳೂ ತುಂಬಿರುತ್ತವೆ, ಸ್ವಲ್ಪ ಹೆಚ್ಚೇ ತುಂಬಿರುತ್ತವೆ ಅನ್ನಿ.

ಮತ್ತೆ ಇಷ್ಟೊಂದು ಭಯ ಯಾಕೆ? ಮಲೆನಾಡಿನವರಿಗೆ ನೋಟಿಸ್ ಅಂದರೆ ಏನು ಎಂದು ಗೊತ್ತಿದೆ. ಸೆಕ್ಷನ್ 4 (ಜಾಗವನ್ನು ಮೀಸಲು ಅರಣ್ಯ ಮಾಡುವ ಮೊದಲ ಅಧಿಸೂಚನೆ), ಡೀಮ್ಡ್ ಫಾರೆಸ್ಟ್ (ಕಾಡೆಂದು ಪರಿಗಣಿಸಿದ ಜಾಗ), ಒತ್ತುವರಿ ತೆರವು, ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ಮನೆಗಳ ಸ್ಥಳಾಂತರ, ಹೀಗೆ ಒಂದಾದ ಮೇಲೊಂದು ನೋಡಿದವರು ಅವರು. ಇವೆಲ್ಲ ಅರಣ್ಯ ಮತ್ತು ವನ್ಯಜೀವಿ ಕಾಯ್ದೆಗಳಿಂದ ಬಂದವು. ಕಸ್ತೂರಿರಂಗನ್ ಕರಡು ನಿಂತಿರುವುದು 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಮೇಲೆ. ಅದು ಜಮೀನಿನ ಒಡೆತನ ಮುಟ್ಟುವುದಿಲ್ಲ. ಆದರೆ ಚಹಾದಂಗಡಿಯಲ್ಲಿ ಎಲ್ಲಕ್ಕೂ ಹೆಸರು ಒಂದೇ: "ಕಸ್ತೂರಿರಂಗನ್ ಬಂತು." ರೇಂಜರ್ ಬೇಲಿ ಕಿತ್ತರೂ ಕಸ್ತೂರಿರಂಗನ್, ಬಗರ್‌ಹುಕುಂ ಅರ್ಜಿ ವಜಾ ಆದರೂ ಕಸ್ತೂರಿರಂಗನ್. ಆ ಗೊಂದಲವನ್ನು ಬಿಡಿಸಿ ಹೇಳುವುದಕ್ಕಿಂತ ಹಾಗೇ ಬಿಟ್ಟರೆ ವೋಟಿಗೆ ಅನುಕೂಲ ಎಂದುಕೊಂಡವರು ಎಲ್ಲ ಪಕ್ಷದಲ್ಲೂ ಇದ್ದಾರೆ ಎಂಬುದು ನನ್ನ ಅನಿಸಿಕೆ.

ಆದ್ದರಿಂದ ನೀವು ಮೊದಲು ನೋಡಬೇಕಾದದ್ದು ಹಳ್ಳಿಗಳ ಪಟ್ಟಿಯನ್ನಲ್ಲ, ನಿಮ್ಮ ಪಹಣಿಯನ್ನು. ತೋಟ ಹಿಡುವಳಿಯಾಗಿ ನಿಮ್ಮ ಹೆಸರಲ್ಲೇ ಇದ್ದರೆ ಪಟ್ಟಿಯಿಂದ ಅದಕ್ಕೇನೂ ಆಗದು. ಅರ್ಧ ಎಕರೆ ಅರಣ್ಯದ ಸರ್ವೆ ನಂಬರಿನಲ್ಲಿ ಇದ್ದರೆ, ಪಟ್ಟಿಯಿಂದ ಊರಿನ ಹೆಸರು ತೆಗೆದರೂ ಆ ತಂಟೆ ಹಾಗೇ ಇರುತ್ತದೆ.

ನಿಮಗೆ ನಿಜವಾಗಿ ತಟ್ಟುವುದು ಒಂದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಮಾಳಿಗೆಗೆ ಕಲ್ಲು, ಜೆಲ್ಲಿ, ಮರಳು ಬೇಕಲ್ಲ? ಹತ್ತಿರದ ಕ್ವಾರಿ ಮುಚ್ಚಿದರೆ ಅವು ಘಟ್ಟದ ಆಚೆಯಿಂದ ಲಾರಿಯಲ್ಲಿ ಬರಬೇಕು, ಬಾಡಿಗೆ ನಿಮ್ಮ ತಲೆ ಮೇಲೆ. ಅಂತಿಮ ಅಧಿಸೂಚನೆಗೆ ಮುಂಚೆ ಕೆಲಸ ಶುರು ಮಾಡುವಿರಾದರೆ ಈ ಲೆಕ್ಕ ಬೇಡ, ಪಂಚಾಯಿತಿ ಲೈಸೆನ್ಸ್ ಮಾತ್ರ ಮರೆಯಬೇಡಿ.